ಡಬ್ಬಿಗೆ ಹೇಳಿದ ಒಡಪು

ಕಂಪ್ಯೂಟರ್ ರಿಪೇರಿ ಮಾಡುವವನಿಗೆ ನಗೆ ಪ್ರಸಂಗಗಳ ಬರವಿಲ್ಲ. ಗಿರಾಕಿಗಳು ಮಿಸ್ಡ್ ಕಾಲ್ ಕೊಟ್ಟು ಕರೆಸುತ್ತಿದ್ದ ಆ ದಿನಗಳಲ್ಲಂತೂ ವಾರಕ್ಕೊಂದು ಸಿಗುತ್ತಿತ್ತು. ಅಂಥ ಮೂರು ಇಲ್ಲಿವೆ; ಕೊನೆಯದು ನನ್ನ ಗೆಳೆಯನದು.

೧. ಖಾರವಿಲ್ಲದ ಮಾಲು

ಬ್ಯಾಡಗಿಯ ಮೆಣಸಿನಕಾಯಿ ವ್ಯಾಪಾರಿಯೊಬ್ಬರ ಕಂಪ್ಯೂಟರ್ ಶುರುವಾಗುತ್ತಲೇ ನಿಂತುಬಿಡುತ್ತಿತ್ತು. ಮುಚ್ಚಳ ತೆಗೆದು ಫ್ಯಾನಿಗೆ ಬಾಯಿಂದ ಊದಿದೆ. ಒಳಗಿದ್ದ ಕೆಂಪು ಧೂಳೆಲ್ಲ ನನ್ನ ಮುಖಕ್ಕೇ ಬಂತು. ಸೀನಿ ಸೀನಿ ಸುಸ್ತಾಗಿ ಕುಳಿತರೆ, ಸಾಹುಕಾರರು ಟವೆಲ್ಲಿನಿಂದ ತಮ್ಮ ಮೂಗು ಮುಚ್ಚಿಕೊಂಡು ಸಮಾಧಾನ ಹೇಳಿದರು: “ಅಂಜಬ್ಯಾಡ್ರಿ, ನಮ್ಮ ಮೆಣಸಿನಕಾಯಿಗೆ ಬಣ್ಣಷ್ಟ ಐತಿ, ಖಾರಿಲ್ಲ.”

೨. ಕಾಣದ ಅಕ್ಷರ

ರಾಣೆಬೆನ್ನೂರಿನ ಬೀಜದ ಅಂಗಡಿಗೆ ಲಿನಕ್ಸ್ ಹಾಕಿಕೊಟ್ಟಿದ್ದೆ. ಅದರಲ್ಲಿ ಪಾಸ್‌ವರ್ಡ್ ಒತ್ತುವಾಗ ಪರದೆಯ ಮೇಲೆ ಒಂದು ಚುಕ್ಕೆಯೂ ಮೂಡುವುದಿಲ್ಲ. ಮಾಲೀಕರು ಕೀಬೋರ್ಡೇ ಕೆಟ್ಟಿದೆಯೆಂದು ಹೊಸದು ತಂದಿಟ್ಟಿದ್ದರು.

“ಕಾಣೂದಿಲ್ಲರಿ, ಆದ್ರ ಒಳಗ ಹೋಗತೈತಿ,” ಎಂದೆ.

“ಕಾಣದ್ದನ್ನ ನಂಬೂದು ಹೆಂಗ?” ಎಂದವರು, ಗಿರಾಕಿಗಳೆದುರೇ ಒಂದೊಂದು ಅಕ್ಷರವನ್ನೂ ಕೂಗಿ ಕೂಗಿ ಒತ್ತಿದರು. ಕೊನೆಯ ಅಕ್ಷರ ಮರೆತು ನಿಂತಾಗ ಗಿರಾಕಿಯೊಬ್ಬ ಹೇಳಿಕೊಟ್ಟ. “ನಿನ್ನೆನೂ ಹಿಂಗ ಕೂಗಿದ್ರಲ್ಲರಿ,” ಅಂದ.

೩. ಯಾರ ಒಡಪು

ಹಾವೇರಿಯಲ್ಲಿ ಮದುವೆ ಕಾರ್ಡು ಟೈಪ್ ಮಾಡಿಕೊಡುತ್ತಿದ್ದ ನನ್ನ ಗೆಳೆಯ, ಡಿಸೈನು ಯಾರೂ ಕದಿಯಬಾರದೆಂದು ಇಡೀ ಡಿಸ್ಕಿಗೆ ನನ್ನಿಂದ ಪಾಸ್‌ವರ್ಡಿನ ಬೀಗ ಹಾಕಿಸಿದ್ದ; ಅದಿಲ್ಲದೆ ನಾನೂ ತೆಗೆಯಲಾರೆ. ಪಾಸ್‌ವರ್ಡ್ ಒತ್ತುವಾಗ ನನಗೇ “ಆ ಕಡೆ ನೋಡೋ” ಅಂದಿದ್ದ. ಆಮೇಲೊಂದು ದಿನ ಎದೆನೋವು ಬಂತು, ಹೋಗಿಬಿಟ್ಟ.

ಸಾವಿನ ದಿನಕರ್ಮ ಮುಗಿದ ಮೇಲೆ ಅವನ ಹೆಂಡತಿ, ನಾನು ಅತ್ತಿಗೆಯೆಂದು ‘ವೈನಿ’ ಅನ್ನುವವರು, ಕರೆಸಿದರು. ಅವರೂ ಅಂಗಡಿಯಲ್ಲಿ ಟೈಪ್ ಮಾಡುತ್ತಿದ್ದವರು. ಆದರೆ ಅವರು ಅಡುಗೆ ಮುಗಿಸಿ ಬರುವಷ್ಟರಲ್ಲಿ ಇವನು ಕಂಪ್ಯೂಟರ್ ಚಾಲೂ ಮಾಡಿರುತ್ತಿದ್ದ. ಈಗ ಅದು ಶುರುವಿನ ಚಿತ್ರ ತೋರಿಸಿ ಅಲ್ಲೇ ನಿಂತಿತ್ತು.

“ಇದು ತೆರೀಲಿಲ್ಲಂದ್ರ ಅಂಗಡಿ ಮುಚ್ಚಿ ಕರ್ಜಗಿಗೆ, ಅಣ್ಣನ ಮನಿಗೆ ಹೋಗಬೇಕಾಗತೈತ್ರಿ,” ಎಂದರು.

ಎಸ್ಕೇಪ್ ಒತ್ತಿದೆ. ಚಿತ್ರ ಸರಿದು, ಹಿಂದೆ ಪಾಸ್‌ವರ್ಡ್ ಕೇಳುವ ಸಾಲು ಕಂಡಿತು.

“ಕೆಟ್ಟಿಲ್ಲರಿ ವೈನಿ, ಕಾಯಾಕತ್ತೈತಿ.”

“ಮದುವ್ಯಾಗ ಹೇಳಿದ ಒಡಪ ಹಾಕೇನಿ ಅಂತಿದ್ರು.”

ನಮ್ಮ ಕಡೆ ಗಂಡ ಹೆಂಡತಿ ಒಬ್ಬರ ಹೆಸರನ್ನೊಬ್ಬರು ಹಿಡಿಯುವುದಿಲ್ಲ. ಮದುವೆಯ ದಿನ ಮಂದಿಯ ಒತ್ತಾಯಕ್ಕೆ ಆ ಹೆಸರನ್ನು ಪ್ರಾಸದಲ್ಲಿ ಕಟ್ಟಿ ಒಮ್ಮೆ ಹೇಳುತ್ತಾರೆ, ಅದೇ ಒಡಪು. ವೈನಿ ಸೆರಗು ಬಾಯಿಗಿಟ್ಟುಕೊಂಡು, ಗಂಡನ ಹೆಸರಿದ್ದ ತಮ್ಮ ಒಡಪನ್ನು, ಇಬ್ಬರೂ ಕಾರ್ಡು ಟೈಪ್ ಮಾಡುತ್ತಿದ್ದ ಕೀಲಿಗಳಲ್ಲೇ ಒತ್ತಿದರು. ಎಷ್ಟು ಸಲ ಒತ್ತಿದರೂ ತೆರೆಯಲಿಲ್ಲ.

“ಅವ ಹೇಳಿದ ಒಡಪ ಯಾವ್ದ್ರಿ?” ಕೇಳಿದೆ.

“ಅದೇನ ಒಡಪ ಬಿಡ್ರಿ, ಮಂದಿ ನಕ್ಕಿದ್ರು,” ಎನ್ನುತ್ತಲೇ ಹೇಳಿದರು: “ಬ್ಯಾಡಗಿ ಮೆಣಸಿನಕಾಯಿಗೆ ಬಣ್ಣೈತಿ, ಖಾರಿಲ್ಲ, ಕಸ್ತೂರಿ ಕೈ ಹಿಡದ ಮ್ಯಾಲ ನನಗ ಯಾರ ದರಕಾರಿಲ್ಲ.”

ಅದನ್ನೇ ಒತ್ತಿದರು. ಪರದೆಯಲ್ಲಿ ಏನೂ ಮೂಡಲಿಲ್ಲ. ಎಂಟರ್ ಒತ್ತಿದ ಸ್ವಲ್ಪ ಹೊತ್ತಿಗೆ ಅಂಗಡಿಯ ಡಿಸೈನುಗಳೆಲ್ಲ ತೆರೆದುಕೊಂಡವು. ನನಗೆ ಅಳು ತಡೆಯಲಾಗಲಿಲ್ಲ. ಕಸ್ತೂರಿ ವೈನಿಯೂ ಅತ್ತರು. ಆಮೇಲೆ ಕಣ್ಣೊರೆಸಿಕೊಂಡು ಕಂಪ್ಯೂಟರನ್ನು ಸವತಿಯ ಹಾಗೆ ನೋಡಿದರು.

“ಬಾಜೂಕ ಕುಂತ ನನಗ ಕಡೀತನಕ ‘ಏ, ಇಲ್ಲೆ ಕೇಳ’ ಅಂದ್ರು. ಈ ಡಬ್ಬಿ ಮುಂದ ದಿನಾ ಮುಂಜಾನೆ ನನ್ನ ಹೆಸರು ಹಿಡೀತಿದ್ರು ನೋಡ್ರಿ.”