ಹಿಮ್ಮಡಿಗೊಂದು ಮೆತ್ತೆ

ಹೆಂಡತಿಗೆ ಹಿಮ್ಮಡಿ ನೋವು ಅಂದರೆ ಲೋಕದ ಗಂಡಂದಿರು ಒಂದೋ ಡಾಕ್ಟರ ಹತ್ತಿರ ಕರೆದುಕೊಂಡು ಹೋಗುತ್ತಾರೆ, ಇಲ್ಲವೇ ಪೇಪರು ಮಗುಚುತ್ತಾ "ಹೌದಾ?" ಅನ್ನುತ್ತಾರೆ. ಜಯನಗರದ ತಿರುಮಲೇಶರು ಅಷ್ಟಕ್ಕೇ ನಿಲ್ಲುವವರಲ್ಲ. ಕಾರ್ಖಾನೆಯ ಭಾರೀ ಯಂತ್ರಗಳು ಅದುರದಂತೆ ಕೆಳಗೆ ರಬ್ಬರ್ ಮೆತ್ತೆ ಕೂರಿಸುವ ವಿಭಾಗದಲ್ಲಿ ಮುಖ್ಯಸ್ಥರಾಗಿದ್ದು ನಿವೃತ್ತರಾದವರು. "ಮೆತ್ತನೆ ಸೋಲಿರೋ ಶೂ ತಗೊಳ್ಳಿ" ಎಂದು ಡಾಕ್ಟರು ಅಂದದ್ದೇ ತಡ, ಅವರೊಳಗೆ ಮಲಗಿದ್ದ ವಿಶ್ವಕರ್ಮ ಧಡಕ್ಕನೆ ಎದ್ದು ಕೂತ.

"ದುಡ್ಡು ಕೊಟ್ಟು ಯಾಕೆ ತಗೋಬೇಕು? ಸೋಲು ನಾನೇ ಮಾಡ್ತೀನಿ. ಆನೆಯಂಥ ಯಂತ್ರಗಳನ್ನ ಅಲುಗದ ಹಾಗೆ ನಿಲ್ಸಿದೀನಿ, ನಿನ್ನ ಹಿಮ್ಮಡಿ ಯಾವ ಲೆಕ್ಕ?"

"ನನ್ನನ್ನ ಆನೆ ಅಂತಿದೀರಾ?" ಎಂದರು ಕಾತ್ಯಾಯಿನಮ್ಮ.

"ಛೆ ಛೆ! ಯಂತ್ರ ಅಂದೆ ಕಣೇ."

(ಈ ಸ್ಪಷ್ಟೀಕರಣದಿಂದ ಪರಿಸ್ಥಿತಿ ಸುಧಾರಿಸಲಿಲ್ಲ.)

"ಮಾಡ್ಕೊಳ್ಳಿ. ಆದ್ರೆ ಗೌರಿಹಬ್ಬದ ಹೊತ್ತಿಗೆ ನೋವು ಹೋಗ್ಲಿಲ್ಲ ಅಂದ್ರೆ, ಅದು ಹೋಗೋವರೆಗೂ ಅಡುಗೆಮನೆ ನಿಮ್ದು."

ಕಾಫಿ ಬಿಸಿ ಮಾಡುವುದಕ್ಕೂ ಹೆಂಡತಿಯನ್ನು ಕೂಗುವ ತಿರುಮಲೇಶರು ಎದೆ ತಟ್ಟಿ ಒಪ್ಪಿಕೊಂಡರು.

ಪಾದದ ಅಚ್ಚಿಗೆ ಮೊದಲು ಚಪಾತಿ ಹಿಟ್ಟು ಕೇಳಿ ಬೈಸಿಕೊಂಡರು. ಆಮೇಲೆ ಒದ್ದೆ ಕಾಲಲ್ಲಿ ಹೆಂಡತಿಯನ್ನು ಪೇಪರಿನ ಮೇಲೆ ನಿಲ್ಲಿಸಿ ಗುರುತು ಹಾಕಿಕೊಂಡರು. ತಳಕ್ಕೆ ಸ್ಕೂಟರಿನ ಹಳೇ ಟೈರು, ಅದರ ಮೇಲೆ ಯೋಗದ ಚಾಪೆ, ಪಾದದ ಕಮಾನಿನ ಕೆಳಗೆ ಆಸರೆಯಾಗಿ ಥರ್ಮೋಕೋಲು. ಹಿಮ್ಮಡಿ ಕೂರುವಲ್ಲಿಗೆ ಸೋಫಾದ ಫೋಮು. ಅದನ್ನು ಭಾವಮೈದುನ ಬಂದಾಗ ಕೂರುವ ಮೂಲೆಯಿಂದಲೇ ಹುಡುಕಿ ಕೊರೆದರೆಂಬುದು ಬೇರೆ ವಿಷಯ.

ಆ ಸೋಲು ಅಂಟಿಸಿದ ಹಳೇ ಶೂ ಹಾಕಿಕೊಂಡು ಕಾಂಪ್ಲೆಕ್ಸಿನ ಮಾರುಕಟ್ಟೆಯವರೆಗೆ ಹೋಗಿ ತರಕಾರಿ ತಂದ ಕಾತ್ಯಾಯಿನಮ್ಮ, "ಹೂವಿನ ಮೇಲೆ ನಡೆದ ಹಾಗಾಯ್ತು ರೀ!" ಎಂದರು. ತಿರುಮಲೇಶರು ಉಬ್ಬಿಹೋದರು. ಅವತ್ತೇ ಸಂಜೆ ಪಾರ್ಕಿನಲ್ಲಿ ವಾಕಿಂಗ್ ಗೆಳೆಯ ಶಾಮಣ್ಣನನ್ನು ಹಿಡಿದು ಪಾದರಕ್ಷಾಶಾಸ್ತ್ರದ ಮೇಲೆ ಉಪನ್ಯಾಸ ಕೊಟ್ಟರು. ಶಾಮಣ್ಣ ಮಾರನೇ ದಿನದಿಂದ ಪಾರ್ಕಿಗೆ ಬೇರೆ ಗೇಟಿನಿಂದ ಬರತೊಡಗಿದ.

ಆದರೆ ಬೆಳಗ್ಗೆ ನೋಡಿದರೆ ಕಾತ್ಯಾಯಿನಮ್ಮ "ಅಯ್ಯಮ್ಮಾ!" ಎಂದು ಕುಂಟುತ್ತಲೇ ಅಡುಗೆಮನೆಯಿಂದ ಬಂದರು. ತಿರುಮಲೇಶರು ಕಮಾನು ಎತ್ತರಿಸಿದರು. ನೋವು ಹೋಗಲಿಲ್ಲ. ಇನ್ನೊಂದು ಪದರ ಫೋಮು ಸೇರಿಸಿದರು. ಕಾತ್ಯಾಯಿನಮ್ಮ ಗಂಡನಿಗಿಂತ ಎತ್ತರವಾದರೇ ಹೊರತು ನೋವು ಜಪ್ಪಯ್ಯ ಅನ್ನಲಿಲ್ಲ.

ಹಬ್ಬ ಹತ್ತಿರ ಬಂತು. ತಿರುಮಲೇಶರು ಕ್ಯಾಲೆಂಡರಿನತ್ತ ನೋಡುವುದನ್ನೇ ಬಿಟ್ಟರು. ಕೊನೆಗೆ ಯಂತ್ರವನ್ನು ಪರೀಕ್ಷಿಸುವ ಕ್ರಮದಲ್ಲಿ ಒಂದಿಡೀ ದಿನ ಹೆಂಡತಿಯ ಹಿಂದೆಯೇ ಸುತ್ತಿದರು. ಒಲೆಯ ಮುಂದೆ ನಿಂತಳು, ಸಿಂಕಿನ ಮುಂದೆ ನಿಂತಳು, ಮಿಕ್ಸಿಯ ಮುಂದೆ ನಿಂತಳು, ಮತ್ತೆ ಒಲೆಯ ಮುಂದೆ ನಿಂತಳು. ತಣ್ಣನೆಯ ಗಟ್ಟಿ ಟೈಲ್ಸಿನ ಮೇಲೆ, ಬರಿಗಾಲಲ್ಲಿ. ಅವರ ಮಹಾ ಆವಿಷ್ಕಾರವೋ, ಬಾಗಿಲಾಚೆಯ ಚಪ್ಪಲಿ ಸ್ಟ್ಯಾಂಡಿನಲ್ಲಿ ಹಾಯಾಗಿ ವಿಶ್ರಾಂತಿ ಪಡೆಯುತ್ತಿತ್ತು.

"ನೀನು ಶೂ ಹಾಕ್ಕೊಂಡೇ ಇಲ್ವಲ್ಲೇ!"

"ಹೊರಗೆ ಹೋಗುವಾಗ ಹಾಕ್ಕೋತೀನಲ್ಲ."

"ಅಡುಗೆ ಮಾಡುವಾಗ?"

"ಅಡುಗೆಮನೇಲಿ ಮೆಟ್ಟಾ? ರಾಮ ರಾಮ! ಪಕ್ಕದಲ್ಲೇ ದೇವರ ಮನೆ ಇಟ್ಕೊಂಡು!"

"ಇಷ್ಟು ದಿನ ಬಾಯಿಬಿಟ್ಟು ಹೇಳ್ಬಾರದಿತ್ತಾ?"

"ಪಾದ ಅಳೆದ್ರಿ, ಬೇಡ ಅಂದ್ರೂ ತೂಕ ನೋಡಿದ್ರಿ. ಎಲ್ಲಿ ನಿಂತಿರ್ತೀಯ ಅಂತ ಒಂದು ಮಾತು ಕೇಳಿದ್ರಾ?"

ಹಬ್ಬ ಬಂತು, ಹೋಯಿತು, ಸೌಟು ತಿರುಮಲೇಶರ ಕೈಗೆ ಬಂತು. ಮೊದಮೊದಲು ಅವರ ಸಾರಿನಲ್ಲಿ ಬೇಳೆ ಒಂದು ಕಡೆ, ನೀರು ಒಂದು ಕಡೆ ಮುಖ ತಿರುಗಿಸಿಕೊಂಡಿದ್ದವು. ಬರಬರುತ್ತಾ ರಾಜಿಯಾದವು. ಆದರೆ ಈಗ ಅವರದೇ ಹಿಮ್ಮಡಿಗೆ ಮೊಳೆ ಹೊಡೆದಂತಾಗುತ್ತಿತ್ತು. ಇಷ್ಟು ವರ್ಷ ಇವಳು ಇಲ್ಲಿ ಹೇಗೆ ನಿಂತಳಪ್ಪಾ ಎಂದು ನೆನೆದು ಅವರಿಗೆ ನಿಜಕ್ಕೂ ಪಾಪ ಅನ್ನಿಸಿತು. ತಮ್ಮ ಮೇಲಂತೂ ಇನ್ನೂ ಪಾಪ ಅನ್ನಿಸಿತು. ಇತ್ತ ಕಾತ್ಯಾಯಿನಮ್ಮನ ನೋವು ದಿನದಿನಕ್ಕೆ ಇಳಿಯಿತು. ಅದೇ ಶೂ ಹಾಕಿಕೊಂಡು ಪಾರ್ಕಿನಲ್ಲಿ ಬೀಸಾಗಿ ನಡೆಯತೊಡಗಿದರು. ನೋವು ಪೂರ್ತಿ ಹೋಯಿತೇ ಎಂದು ಗಂಡ ಕೇಳಿದಾಗ ಮಾತ್ರ, "ಇನ್ನೂ ಒಂಚೂರು ಇದೆ ರೀ" ಅನ್ನುತ್ತಿದ್ದರು.

ಒಂದು ಭಾನುವಾರ ಮೇಲಿನ ಮಹಡಿಯ ಶರ್ವಾಣಿ ಬಾಗಿಲಲ್ಲಿ ನಿಂತಳು. "ಅಂಕಲ್, ಪಾರ್ಕಲ್ಲಿ ಆಂಟಿ ಸ್ಪೀಡು ನೋಡಿ ನಾವೆಲ್ಲಾ ಸುಸ್ತು! ಕಾಲುನೋವು ಪೂರ್ತಿ ಹೋಯ್ತಂತೆ. ನಂಗೂ ಅದೇ ಟ್ರೀಟ್‌ಮೆಂಟ್ ಬೇಕು."

ತಿರುಮಲೇಶರ ಕಣ್ಣು ಒದ್ದೆಯಾಯಿತು. ಕೊನೆಗೂ ಒಂದು ಜೀವ ತಮ್ಮ ವಿದ್ಯೆಯನ್ನು ಗುರುತಿಸಿತು! ಸೌಟು ಬಿಸಾಕಿ, ಪೇಪರು ಹಾಸಿ, ಟೇಪು ಹಿಡಿದು ನೆಲಕ್ಕೆ ಕೂತರು.

"ಪಾದ ಇಡಮ್ಮಾ ಇದರ ಮೇಲೆ."

"ಪಾದ ಯಾಕೆ ಅಂಕಲ್? ಹೇಗೆ ಹೋಯ್ತು ಅಂತ ಆಂಟಿ ಎಲ್ಲಾ ಹೇಳಿದ್ರು." ಶರ್ವಾಣಿ ಹಿಂದೆ ಅವಿತಿದ್ದ ಗಂಡ ಚೈತನ್ಯನ ತೋಳು ಹಿಡಿದು ಮುಂದಕ್ಕೆಳೆದಳು. "ಇವ್ರಿಗೆ ಸಾರು ಮಾಡೋದು ಕಲಿಸ್ಕೊಟ್ಬಿಡಿ, ಸಾಕು."

"ರೀ, ಒಗ್ಗರಣೆ ಸೀದ ವಾಸನೆ ಬರ್ತಿದೆ. ಪಾಠ ಅಲ್ಲಿಂದಲೇ ಶುರು ಮಾಡಿ," ಎಂದ ಕಾತ್ಯಾಯಿನಮ್ಮ ಶೂ ಲೇಸು ಬಿಗಿದು, ಶರ್ವಾಣಿಯ ಜೊತೆ ದಡದಡ ಮೆಟ್ಟಿಲಿಳಿದು ಹೋದರು.

ಚೈತನ್ಯ ಚಪ್ಪಲಿಯನ್ನು ಬಾಗಿಲಾಚೆ ಬಿಟ್ಟು ಒಳಗೆ ಬಂದ.