ಕರಿಬೇವಿಗೆ ಬಂದವರು

ಗುಟ್ಟು ಕಾಪಾಡುವುದರಲ್ಲಿ ನನ್ನಷ್ಟು ಗಟ್ಟಿಗರು ಸಿಡ್ನಿಯ ಕನ್ನಡಿಗರಲ್ಲಿ ಇಲ್ಲವೆಂದು ಬಹಳ ವರ್ಷ ನಂಬಿದ್ದೆ. ಬೇರೆ ಪ್ರತಿಭೆ ಇಲ್ಲದವರಿಗೆ ಇಂಥದೊಂದು ನಂಬಿಕೆ ಬೇಕಾಗುತ್ತದೆ. ನನಗೆ ಹಾಡು ಬರುವುದಿಲ್ಲ, ಒಬ್ಬಟ್ಟು ಹರಿಯುತ್ತದೆ, ಕಾರು ಹಿಂದಕ್ಕೆ ತೆಗೆದರೆ ಲೆಟರ್‌ಬಾಕ್ಸಿಗೆ ತಾಗುತ್ತದೆ. ಆದರೂ ಗಿರಾವೀನ್ ಬಡಾವಣೆಯ ನಮ್ಮ ಮನೆಯ ಎರಡು ವಸ್ತುಗಳಿಗೆ ಹೆಸರಿತ್ತು. ಒಂದು, ಗ್ಯಾರೇಜು ದಾಟಿ ಹೋದರೆ ಹಿತ್ತಲಲ್ಲಿ ಸಿಗುವ ಕುಂಡದ ಕರಿಬೇವು; ಕೀಳಲು ವಾರಕ್ಕೊಬ್ಬರಾದರೂ ಬರುತ್ತಿದ್ದರು. ಇನ್ನೊಂದು, ಅದೇ ಗ್ಯಾರೇಜಿನಲ್ಲಿದ್ದ ಸೂಟ್‌ಕೇಸಿನ ಜೋಡಿ.

ನಮ್ಮ ಕಡೆ ಹುಟ್ಟುವ ಮುಂಚೆ ಮಗುವಿಗೆ ಏನನ್ನೂ ಕೊಳ್ಳುವುದಿಲ್ಲವಲ್ಲ. ಮೊದಲು ತೊಡಿಸುವುದು ಚೆನ್ನಾಗಿ ಬೆಳೆದ ಯಾವುದಾದರೂ ಮಗುವಿನ ಹಳೇ ಬಟ್ಟೆ. ನನ್ನ ಮಗಳೂ ಮಗನೂ ಹೊಟ್ಟೆ ತುಂಬ ತಿಂದು ದುಂಡಗೆ ಬೆಳೆದಿದ್ದರಿಂದ ಅವರ ಬಟ್ಟೆಗೆ ಬಹಳ ಬೇಡಿಕೆ. ಮಗಳ ಫ್ರಾಕುಗಳು ಕಂದು ಸೂಟ್‌ಕೇಸಿನಲ್ಲಿ, ಮಗನ ಜುಬ್ಬ ಚಡ್ಡಿಗಳು ಹಸಿರು ಸೂಟ್‌ಕೇಸಿನಲ್ಲಿ. ಇಲ್ಲಿ ಸ್ಕ್ಯಾನ್ ಮಾಡುವವರು ಗಂಡೋ ಹೆಣ್ಣೋ ತಿಳಿಯಬೇಕೇ ಎಂದು ತಾವಾಗಿಯೇ ಕೇಳುತ್ತಾರೆ, ಕಾಫಿಗೆ ಸಕ್ಕರೆ ಬೇಕೇ ಎನ್ನುವ ಹಾಗೆ. ತಿಳಿದುಕೊಂಡ ಹುಡುಗಿಯರು ಯಾರಿಗೂ ಬಾಯಿ ಬಿಡುತ್ತಿರಲಿಲ್ಲ. ಏಳು ತುಂಬಿದ ಮೇಲೆ ನನಗೆ ಫೋನ್ ಮಾಡಿ, "ಆಂಟಿ, ಆ ಬ್ರೌನ್ ಸೂಟ್‌ಕೇಸ್ ಫ್ರೀ ಇದೆಯಾ?" ಎಂದಷ್ಟೇ ಕೇಳುತ್ತಿದ್ದರು. ನಾನು ಇದೆ ಎನ್ನುತ್ತಿದ್ದೆ. ಅಲ್ಲಿಗೆ ಮುಗಿಯಿತು. ನಮ್ಮ ಯಜಮಾನರಿಗೂ ಹೇಳುತ್ತಿರಲಿಲ್ಲ. ಅವರು ಕೇಳುತ್ತಲೂ ಇರಲಿಲ್ಲ ಅನ್ನಿ.

ಮೆಲ್ಬರ್ನಿನಲ್ಲಿದ್ದ ನನ್ನ ತಂಗಿ ಸುಧಾ ಎರಡನೆಯ ಸಲ ಬಸುರಿಯಾದಾಗ ಸ್ಕ್ಯಾನ್ ಮುಗಿಸಿ ಬಂದು ಫೋನ್ ಮಾಡಿದಳು. "ಅಕ್ಕಾ, ಇದೂ ಹುಡುಗೀನೇ. ನಮಗೆ ಖುಷಿ. ಆದ್ರೆ ಅತ್ತೆಗೆ ಮಾತ್ರ ಗೊತ್ತಾಗ್ಬಾರ್ದು ಕಣೇ."

ಅವಳ ಭಯಕ್ಕೆ ಕಾರಣವಿತ್ತು. ಮೊದಲ ಮಗಳು ಹುಟ್ಟಿದಾಗ ಅತ್ತೆ ರಾಜಮ್ಮನವರು ಒಂದು ಮಾತೂ ಆಡಿರಲಿಲ್ಲ. ಬೀದಿಗೆ ಹಂಚಲು ಹೇಳಿಟ್ಟಿದ್ದ ಪೇಡ ಬೇಡವೆಂದು ಕಳಿಸಿ, ಕಲ್ಲುಸಕ್ಕರೆ ಹಂಚಿದ್ದರು, ಅಷ್ಟೇ. ಅದೇ ರಾಜಮ್ಮನವರು ಈಗ ಬಾಣಂತನಕ್ಕೆಂದು ಮೈಸೂರಿನಿಂದ ಬರುವವರಿದ್ದರು. "ಹೆರಿಗೆ ಆಗೋವರೆಗೂ ಆ ಕಲ್ಲುಸಕ್ಕರೆ ಮುಖ ನೋಡ್ಕೊಂಡು ಹೇಗೆ ಊಟ ಮಾಡ್ಲಿ?" ಎಂದಳು ಸುಧಾ. ನಾನಿದ್ದೇನೆ ಬಿಡು ಎಂದೆ.

ಅವರ ವಿಮಾನ ಬಂದದ್ದು ಸಿಡ್ನಿಗೆ. ನಮ್ಮಲ್ಲಿ ಒಂದು ವಾರ ಇದ್ದರು. ಪಕ್ಕದ ಬಡಾವಣೆ ಟೂಂಗಾಬಿಯ ಶಾಂತಾ ಕರಿಬೇವಿಗೆಂದು ಬಂದು, ನಾನು ಕಾಫಿ ಮಾಡುವಷ್ಟು ಹೊತ್ತು ಅವರೊಡನೆ ಪಿಸುಪಿಸು ಮಾತಾಡಿ ಹೋದಳು. ವಾರದ ಕೊನೆಗೆ ಅವರನ್ನು ಕಾರಿನಲ್ಲಿ ಮೆಲ್ಬರ್ನಿಗೆ ಬಿಡಲು ಹೊರಟೆವು. ಸುಧಾ ಕೇಳಿದ್ದ ಕಂದು ಸೂಟ್‌ಕೇಸೊಂದನ್ನೇ ಒಯ್ದರೆ ಅವರಿಗೆ ಅನುಮಾನ ಬಂದೀತೆಂದು ಹಸಿರನ್ನೂ ಡಿಕ್ಕಿಗೆ ಹಾಕಿಸಿದೆ. ನನ್ನ ಬುದ್ಧಿಯನ್ನು ನಾನೇ ಮೆಚ್ಚಿಕೊಂಡೆ. ರಾಜಮ್ಮನವರು ಎರಡನ್ನೂ ಸ್ವಲ್ಪ ಹೊತ್ತು ನೋಡಿ, ಕಣ್ಣು ಮುಚ್ಚಿ ಕೈಮುಗಿದರು. ದೂರದ ಪ್ರಯಾಣವಲ್ಲವೇ, ದೇವರನ್ನು ನೆನೆಯುತ್ತಿದ್ದಾರೆ ಎಂದುಕೊಂಡೆ. ದಾರಿಯಲ್ಲಿ ಚಪಾತಿ ಪಲ್ಯ ಬಿಚ್ಚಿದಾಗ ನನ್ನ ಕೆನ್ನೆ ಸವರಿ, "ಏನೂ ಹೇಳ್ಬೇಡಮ್ಮ ಲಲಿತಾ, ನಾನೂ ಕೇಳಲ್ಲ" ಎಂದರು. ಎಂಥ ತಿಳಿವಳಿಕಸ್ಥೆ ಎನ್ನಿಸಿತು.

ಕೆಲವು ದಿನಕ್ಕೆ ಸುಧಾಳ ಫೋನ್. "ಅಕ್ಕಾ, ಅತ್ತೆ ಎಷ್ಟು ಪ್ರೀತಿಯಾಗಿದಾರೆ ಗೊತ್ತಾ? ಯಾಕೋ ಕುಲಾವಿ ಮಾತ್ರ ಎರಡೆರಡು ಹೆಣೀತಿದಾರೆ." ಒಂದು ಒದ್ದೆಯಾದರೆ ಇನ್ನೊಂದು ಇರಲಿ ಅಂತಿರಬಹುದು ಎಂದೆ.

ಹೆರಿಗೆಯ ಹೊತ್ತಿಗೆ ನಾನೂ ಮೆಲ್ಬರ್ನಿಗೆ ಹೋದೆ. ಸುಧಾಳ ಗಂಡ ರವಿ ಮಗುವನ್ನು ತನ್ನ ತಾಯಿಯ ಮಡಿಲಿಗೆ ಕೊಟ್ಟು, "ಹುಡುಗಿ ಅಮ್ಮಾ" ಎಂದ. ಸುಧಾ ಗೋಡೆಯ ಕಡೆ ತಿರುಗಿದಳು. ರಾಜಮ್ಮನವರು ಮಗುವನ್ನು ನೋಡಿದರು. ಆಮೇಲೆ ಬಾಗಿಲ ಕಡೆ ನೋಡಿದರು.

"ಸರಿ, ಇನ್ನೊಂದೆಲ್ಲೋ?"

"ಯಾವ ಇನ್ನೊಂದಮ್ಮ?"

"ಅವಳಿ ಅಲ್ವೇನೋ? ಎರಡೂ ಪೆಟ್ಟಿಗೆ ಬಂತಲ್ಲ! ಒಂದು ಗಂಡು, ಒಂದು ಹೆಣ್ಣು ಅಂತ ಮೈಸೂರಿಗೆಲ್ಲ ಫೋನ್ ಮಾಡಿದೀನಿ!" ಎಂದು ನನ್ನ ಕಡೆ ತಿರುಗಿದರು. "ಲಲಿತಾ, ಗಂಡಿಂದೂ ತಂದ್ಯಲ್ಲಮ್ಮ!"

"ಸುಮ್ನೆ ತಂದೆ ಅಮ್ಮಾ."

"ಸುಮ್ನೆ ತರೋ ವಸ್ತುವೇನಮ್ಮ ಅದು?"

ಮಡಿಲಲ್ಲಿದ್ದದ್ದು ಆಕಳಿಸಿತು. ರಾಜಮ್ಮನವರು ಅದನ್ನು ಯಾರೋ ಕಸಿದುಕೊಳ್ಳುವ ಹಾಗೆ ಎದೆಗೆ ಒತ್ತಿಕೊಂಡರು. "ಹೋಗ್ಲಿ, ಇದಾದ್ರೂ ಕೈಗೆ ಬಂತಲ್ಲ ನನ್ ಬಂಗಾರ" ಎಂದು ಒಂದರ ಮೇಲೊಂದು ಎರಡೂ ಕುಲಾವಿ ಹಾಕಿದರು. ಮಾರನೆಯ ದಿನ ಹಾಲಿನ ಪುಡಿಯಲ್ಲಿ ಪೇಡ ಮಾಡಿ, ಪಕ್ಕದ ಮನೆಯ ಗ್ರೀಕ್ ಮುದುಕಿಗೂ ಹಂಚಿದರು. ಸುಧಾ ತಾನೇ ಮೂರು ತಿಂದಳು.

ನನ್ನನ್ನು ಮಾತ್ರ ಅವರು ಕ್ಷಮಿಸಲಿಲ್ಲ. "ಶಾಂತಾ ಹೇಳಿದ್ದು ನಂಬಿ ಕೆಟ್ಟೆ. 'ಅವರ ಗ್ಯಾರೇಜಲ್ಲಿ ಯಾವ ಪೆಟ್ಟಿಗೆ ಕಾಣಲ್ವೋ ಅದೇ ಮಗು, ನಾವೆಲ್ಲ ಹಾಗೇ ನೋಡ್ಕೊಂಡ್ ಬರೋದು, ಒಂದ್ಸಲಾನೂ ತಪ್ಪಿಲ್ಲ' ಅಂದಿದ್ಲು" ಎಂದರು.

ಸಿಡ್ನಿಗೆ ಬಂದವಳೇ ಸೂಟ್‌ಕೇಸುಗಳನ್ನು ಮಲಗುವ ಕೋಣೆಯ ಬೀರುವಿನಲ್ಲಿಟ್ಟು ಬೀಗ ಹಾಕಿದೆ. ಕರಿಬೇವಿನ ಗಿಡ ಈಗ ನನಗಿಂತ ಎತ್ತರವಾಗಿದೆ. ಕೀಳಲು ಯಾರೂ ಬರುವುದಿಲ್ಲ.