ಗಿರಣಿಯ ಎಂಟು ಹಾಡು

ಗುರುಗುಂಟಾದ ಅಂಬಿಕಾಳನ್ನು ನೋಡಿ ಬಂದ ದಿನದಿಂದ ಅಮರಗುಂಡನಿಗೆ ಊಟ ರುಚಿಸುತ್ತಿರಲಿಲ್ಲ. ಅವಳೇ ಬೇಕು, ಅಷ್ಟೇ. ಇವತ್ತು ಅವಳ ಅಪ್ಪ ವಿರೂಪಾಕ್ಷಪ್ಪ ಸಿಂಧನೂರಿಗೆ ಮನೆ ನೋಡಲು ಬರುವವರಿದ್ದರು. ಮನೆ ನೋಡುವುದೆಂದರೆ ಗೋಡೆ ನೋಡುವುದಲ್ಲ. ಓಣಿಯ ನಾಲ್ಕು ಜನರನ್ನು ಕೇಳಿ ಹುಡುಗನ ಜನ್ಮ ಜಾಲಾಡುವುದು.

ಜಾಲಾಡಿದರೆ ಸಿಕ್ಕಿಬೀಳುವುದು ಆ ಹಾಳು ಆಲ್ಬಮ್. ಹಾಡುವ ಹುಚ್ಚಿನ ಸೊಸೈಟಿ ಗುಮಾಸ್ತ ಅಮರಗುಂಡ, ಗಿಟಾರ್ ಬಾರಿಸುವ ಕಾಕಾನ ಮಗ ಶಿವರಾಜ, ಇನ್ನಿಬ್ಬರು ಗೆಳೆಯರು ಸೇರಿ ರಾಕ್ ಬ್ಯಾಂಡ್ ಕಟ್ಟಿ, ಅಕ್ಕಿ ಗಿರಣಿಯ ಗೋದಾಮಿನಲ್ಲಿ ಎಂಟು ಹಾಡು ರೆಕಾರ್ಡ್ ಮಾಡಿ ನೆಟ್ಟಿಗೆ ಬಿಟ್ಟಿದ್ದರು. ಹಿರಿಯರ ಭಯಕ್ಕೆ ಯಾರ ಹೆಸರೂ ಇಲ್ಲ, ಮುಖವೂ ಇಲ್ಲ. ಕಾಲುವೆ ದಂಡೆಯ ಮೇಲೆ ನಾಲ್ಕು ಬೆನ್ನುಗಳ ಫೋಟೊ ಮಾತ್ರ. ಈ ಹುಚ್ಚು ಹೇಗೋ ಗೊತ್ತಾಗಿಯೇ, ಮೊದಲು ಬಂದಿದ್ದ ಮಸ್ಕಿಯ ಹೆಣ್ಣಿನವರು ಚಹಾ ಅರ್ಧಕ್ಕೆ ಬಿಟ್ಟು ಎದ್ದು ಹೋಗಿದ್ದರು. ವಿರೂಪಾಕ್ಷಪ್ಪನವರಂತೂ ವಿಭೂತಿ ಹಚ್ಚದೆ ನೀರು ಕುಡಿಯದ ಮನುಷ್ಯ.

ಬೆಳಿಗ್ಗೆಯೇ ಪಕ್ಕದ ಮನೆಯ ಹಸೀನಾಬೀ ಮುಂದೆ ಅಮರಗುಂಡ ಕೈಮುಗಿದು ನಿಂತ.

"ಯಾರಾರ ಕೇಳಿದ್ರ, ನಂಗ ಹಾಡಾಕ ಬರಂಗಿಲ್ಲ ಅನ್ರಿ ಖಾಲಾ."

"ಅದರಾಗ ಸುಳ್ಳೇನೈತಪ್ಪಾ, ಖರೇನ ಹೇಳಿದಂಗಾತು."

ಅಮರಗುಂಡನಿಗೆ ಚುರ್ ಎಂದಿತು. ಆದರೂ ನುಂಗಿಕೊಂಡ.

ಹನ್ನೊಂದಕ್ಕೆ ವಿರೂಪಾಕ್ಷಪ್ಪ ಬಂದರು. ಓಣಿಯೆಲ್ಲ ವಿಚಾರಿಸಿಯೇ ಬಂದಿದ್ದರು. ಮುಖ ಗಂಟಿಕ್ಕಿತ್ತು. ತಾಯಿ ಪಂಪಮ್ಮ ಕೊಟ್ಟ ಚಹಾ ಮುಟ್ಟಲಿಲ್ಲ.

"ತಮ್ಮಾ, ಇಲ್ಲೇ ಅದೇನೋ ಬ್ಯಾಂಡ್ ಐತಂತಲ್ಲ?"

"ಇರಬೌದ್ರಿ. ನಂಗೇನು ಗೊತ್ತಿಲ್ರಿ."

ಅದೇ ಹೊತ್ತಿಗೆ ಮನೆ ಮುಂದೆ ಒಂದು ಟ್ರ್ಯಾಕ್ಟರ್ ಬಂದು ನಿಲ್ಲಬೇಕೆ! ಅದರ ಸ್ಪೀಕರಿನಲ್ಲಿ ಐದನೇ ಹಾಡು, ಸಾಕ್ಷಾತ್ ಅಮರಗುಂಡನದೇ ದನಿ. ವಿರೂಪಾಕ್ಷಪ್ಪ ಕಿವಿಗೊಟ್ಟು ಕೇಳಿದರು.

"ಇದು ನಿನ್ನ ದನಿ ಇದ್ದಂಗೈತಲ್ಲ?"

ಬಾಗಿಲಲ್ಲೇ ನಿಂತಿದ್ದ ಹಸೀನಾಬೀ ಒಳಗೇ ಬಂದುಬಿಟ್ಟಳು. "ಅಯ್ಯ, ಅಲ್ರಿ ಅಣ್ಣಾರೆ! ಜಳಕ ಮಾಡುವಾಗ ಸೈತ ಗುಂಯ್ ಅನ್ನಂಗಿಲ್ಲ ನಮ್ಮ ಹುಡುಗ!"

"ಮತ್ತ ಹಾಡಿದಾವ ಯಾರು?"

"ಶಿವರಾಜ್ರೀ!" ಅಮರಗುಂಡ ಬಾಯಿಗೆ ಬಂದ ಹೆಸರು ಹೇಳಿಬಿಟ್ಟ. "ನಮ್ಮ ಕಾಕಾನ ಮಗ, ಹಿಂದಿನ ಓಣ್ಯಾಗ ಅದಾನ. ಎಷ್ಟ್ ಹೇಳಿದ್ರೂ ಕೇಳಂಗಿಲ್ರಿ."

ವಿರೂಪಾಕ್ಷಪ್ಪ ದೀರ್ಘವಾಗಿ ಉಸಿರುಬಿಟ್ಟು ಚಹಾ ಎತ್ತಿಕೊಂಡರು. ಅಮರಗುಂಡನಿಗೆ ಹೋದ ಜೀವ ಬಂದಂತಾಯಿತು. ಗೆದ್ದೆ ಎಂದುಕೊಂಡ, ಪಾಪ.

"ನನಗಂತೂ ಆ ಹಾಡು ಸೇರಂಗಿಲ್ಲಪ್ಪ" ಎಂದರು ವಿರೂಪಾಕ್ಷಪ್ಪ. "ಎಂಟರಾಗ ಐದು ಬರೇ ಗದ್ದಲ. ಒಂದರಾಗಂತೂ ಗಿರಣಿನೇ ಚಾಲೂ ಆಗೈತಿ. ಆದ್ರ ಉಳಿದ ಮೂರಕ್ಕ ನನ್ನ ಮಗಳು ಮರುಳಾಗ್ಯಾಳ. 'ಈಗ ಎಡವ್ಯಾರ, ಮುಂದ ಬರ್ತಾರ' ಅಂತಾಳ. ನೀ ನೋಡಾಕ ಬಂದಾಗ ನಿನ್ನ ದನಿ ಕೇಳಿ ಆಕಿಗಿ ಅನುಮಾನ ಬಂದಿತ್ತು. 'ಹಾಡಿದಾವ ಇವನ ಇದ್ರ ಹೂಂ ಅನ್ನಪ್ಪಾ, ಇಲ್ಲಾಂದ್ರ ಬ್ಯಾಡ' ಅಂತ ಹೇಳಿ ಕಳಿಸ್ಯಾಳ. ಒಬ್ಬಾಕಿ ಮಗಳು, ಏನ್ ಮಾಡ್ಲಿ?"

ಅಮರಗುಂಡ ಜಿಗಿದೆದ್ದ. "ನಾನ ರೀ! ಹಾಡಿದಾವ ನಾನ! ಬೇಕಾದ್ರ ಕೇಳ್ರಿ..."

ಕಣ್ಣು ಮುಚ್ಚಿ ಹಾಡಲು ಬಾಯಿ ತೆರೆದ. ಗಾಬರಿಗೆ ಗಂಟಲು ಒಣಗಿ, ತುಕ್ಕು ಹಿಡಿದ ಬೋರಿಂಗ್ ಪಂಪಿನ ಹಾಗೆ ಕಿರ್ ಎಂದಿತು.

"ನಾ ಹೇಳಿದ್ನಲ್ರಿ?" ಎಂದಳು ಹಸೀನಾಬೀ, ಹೆಮ್ಮೆಯಿಂದ.

ವಿರೂಪಾಕ್ಷಪ್ಪ ಮರುಕದಿಂದ ಅವನ ಬೆನ್ನು ತಟ್ಟಿದರು. "ಆಸೆಗೆ ಸುಳ್ಳು ಹೇಳಬ್ಯಾಡ ತಮ್ಮಾ. ಆ ಶಿವರಾಜಗ ಲಗ್ನ ಆಗೈತೇನು?"

"ಎಲ್ಲೀದ್ರೀ! ಹೆಣ್ಣು ಹುಡುಕಾಕತ್ತಾರ" ಎಂದಳು ಹಸೀನಾಬೀ, ತನ್ನನ್ನು ಯಾರೂ ಕೇಳದಿದ್ದರೂ.

"ಹಂಗಾರ ನಡಿ ತಮ್ಮಾ, ಅವರ ಮನಿ ತೋರಸು" ಎಂದು ವಿರೂಪಾಕ್ಷಪ್ಪ ಹೊರಟು ನಿಂತರು. "ದಾರ್ಯಾಗ ಆ ಹುಡುಗನ ನಡತಿ ಹೆಂಗೈತಿ, ಖರೇ ಖರೇ ಹೇಳು."